ಖೋಲಿ, ಪಾಳಿ, ಕಾನೂನು: ಮುಂಬಯಿಯ ಭಜನಾ ಮಂಡಳಿಯೊಂದರ ಚರಿತ್ರೆ ಬರೆಯುವ ಬಗೆ

ಪ್ರಶ್ನೆ: ನಾನು ಡೊಂಬಿವಲಿಯವನು. ನಮ್ಮ ಭಜನಾ ಮಂಡಳಿ 1961ರಲ್ಲಿ ಲೋವರ್ ಪರೇಲ್‌ನ ಡಿಲೈಲ್ ರೋಡಿನ ಚಾಳಿನ, ಅಂದರೆ ಸಾಲು ಕೋಣೆಗಳ ಬಾಡಿಗೆ ಕಟ್ಟಡದ, ಖೋಲಿಯೊಂದರಲ್ಲಿ ಶುರುವಾಯಿತು. ಕಟ್ಟಿದವರು ದಕ್ಷಿಣ ಕನ್ನಡದಿಂದ ಬಂದ ಹೋಟೆಲ್ ಕೆಲಸದವರು. ಗಿರಣಿಯಲ್ಲಿ, ಬಂದರಿನ ಡಾಕಿನಲ್ಲಿ ದುಡಿಯುತ್ತಿದ್ದವರೂ ಕೆಲವರಿದ್ದರು. 1985ರಲ್ಲಿ ಮಂಡಳಿ ಡೊಂಬಿವಲಿಗೆ ಬಂತು. ಈಗ 65ನೇ ವರ್ಷದ ಸ್ಮರಣ ಸಂಚಿಕೆಗೆ ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. "ಎಲ್ಲ ದೇವರ ಪ್ರೇರಣೆ, ಭಕ್ತಿಯಿಂದ ಕಟ್ಟಿದ್ದು" ಎನ್ನುತ್ತಾರೆ ಹಿರಿಯರು. "ಭಜನೆಯ ಹೆಸರಿನಲ್ಲಿ ನಡೆಸಿದ ಜಾತಿ ಸಂಘ ಅದು" ಎನ್ನುತ್ತಾನೆ ಕಾಲೇಜು ಓದುವ ಹುಡುಗ. "ಶಿವಸೇನೆಗೆ ಹೆದರಿ ನಾವೆಲ್ಲ ಒಟ್ಟಾದದ್ದು" ಎನ್ನುವವರೂ ಒಬ್ಬರಿದ್ದಾರೆ. ಯಾವುದನ್ನು ಬರೆಯಲಿ? ಕಾಗದಪತ್ರ ಹೆಚ್ಚು ಉಳಿದಿಲ್ಲ. ಎಲ್ಲಿಂದ ಹುಡುಕಲಿ?

ಉತ್ತರ: ಮೂರರಲ್ಲಿ ಸುಲಭದ್ದನ್ನು ಮೊದಲು ಮುಗಿಸೋಣ. ಶಿವಸೇನೆ ಸ್ಥಾಪನೆಯಾದದ್ದು 1966ರ ಜೂನ್ 19ರಂದು. 1961ರ ಮಂಡಳಿ ಅದಕ್ಕೆ ಹೆದರಿ ಹುಟ್ಟಿರಲಾರದು. ಹಾಗಂತ ಆ ಹಿರಿಯರ ಮಾತನ್ನು ಹೊಡೆದುಹಾಕಬೇಡಿ. ದಕ್ಷಿಣದವರ ವಿರುದ್ಧದ 'ಲುಂಗಿ ಹಟಾವ್' ಘೋಷಣೆಯ ದಿನಗಳು, ಉಡುಪಿ ಹೋಟೆಲುಗಳ ಮೇಲೆ ಬಿದ್ದ ಕಲ್ಲು, ಮಹಾರಾಷ್ಟ್ರ–ಮೈಸೂರು ಗಡಿ ವಿವಾದದ ಮೇಲೆ 1969ರ ಫೆಬ್ರುವರಿಯಲ್ಲಿ ನಡೆದ ಗಲಭೆ ಇವೆಲ್ಲ ಪರೇಲ್–ಲಾಲ್‌ಬಾಗ್ ಕಡೆ ಇದ್ದ ದಕ್ಷಿಣದವರು ಮರೆಯುವಂಥವಲ್ಲ. ಅವರ ನೆನಪು ಘಟನೆಯನ್ನು ಸರಿಯಾಗಿಯೇ ಹಿಡಿದಿದೆ, ಇಸವಿಯನ್ನು ಮಾತ್ರ ಹಿಂದಕ್ಕೆ ಎಳೆದಿದೆ. ಅವರನ್ನು "ಯಾಕೆ ಕಟ್ಟಿದಿರಿ" ಎಂದು ಕೇಳಬೇಡಿ, "ಆ ವರ್ಷ ಮಂಡಳಿಯಲ್ಲಿ ಏನು ಬದಲಾಯಿತು" ಎಂದು ಕೇಳಿ. ಬೋರ್ಡಿಗೆ ಮರಾಠಿ ಅಕ್ಷರ ಸೇರಿತೇ? ಬೀದಿಯಲ್ಲಿ ಹೋಗುತ್ತಿದ್ದ ನಗರ ಭಜನೆ ನಿಂತಿತೇ? ನವರಾತ್ರಿ ಸಮಿತಿಗೆ ಚಾಳಿನ ಮರಾಠಿ ನೆರೆಯವರ ಹೆಸರು ಸೇರಿತೇ? ಹೆದರಿಕೆ ಮಂಡಳಿಯ ಹುಟ್ಟನ್ನು ವಿವರಿಸದು. ಹುಟ್ಟಿದ ಏಳೆಂಟು ವರ್ಷಕ್ಕೆ ಅದು ತೆಗೆದುಕೊಂಡ ತಿರುವನ್ನು ವಿವರಿಸೀತು.

ಉಳಿದ ಎರಡು ವಾದಗಳ ತೊಂದರೆ ಬೇರೆ. ಹಿರಿಯರ 'ಭಕ್ತಿ'ಗೆ ಇಸವಿಯೇ ಇಲ್ಲ, ಹುಡುಗನ 'ಜಾತಿ'ಗೂ ಇಲ್ಲ. ಭಕ್ತಿ 1940ರಲ್ಲೂ ಇತ್ತು, 1980ರಲ್ಲೂ ಇತ್ತು. ಹಾಗಾದರೆ 1961ರಲ್ಲೇ ಯಾಕೆ, ಆ ಖೋಲಿಯಲ್ಲೇ ಯಾಕೆ, ಪೂಜೆಯೋ ಯಕ್ಷಗಾನವೋ ಆಗದೆ ಭಜನೆಯೇ ಯಾಕೆ? ಚರಿತ್ರೆ ಬರೆಯುವವರು ನಂಬಿಕೆಯ ಹಿಂದೆ ಬೇರೇನೋ ಅಡಗಿದೆ ಎಂದು ಕೆದಕಬೇಕಾಗಿಲ್ಲ. ಆ ನಂಬಿಕೆಗೆ ಆ ಹೊತ್ತಿನಲ್ಲಿ ಎಷ್ಟು ಜಾಗವಿತ್ತು, ಎಷ್ಟು ಬಿಡುವಿತ್ತು, ಕಾನೂನು ಯಾವುದಕ್ಕೆ ಬಿಟ್ಟಿತ್ತು, ಯಾರ ಜೇಬಿನ ದುಡ್ಡು ನಡೆಸಿತು ಎಂದು ಕೇಳಿದರೆ ಸಾಕು.

ಮುಂಬಯಿಯಲ್ಲಿ ಇದಕ್ಕೆ ಕಣ್ಣೆದುರೇ ಉದಾಹರಣೆಗಳಿವೆ. ಬಾಂದ್ರಾದಲ್ಲಿ, ಗಿರ್‌ಗಾಂವ್‌ನಲ್ಲಿ ಓಣಿಯ ಮೂಲೆಗಳಲ್ಲಿ ಕಲ್ಲಿನ ಶಿಲುಬೆಗಳು ನಿಂತಿವೆ. ಬುಡದಲ್ಲಿ ಕೆತ್ತಿದ ಇಸವಿ ಓದಿ ನೋಡಿ, ಹಲವು ಪ್ಲೇಗಿನ ಕಾಲದವು. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವಿಯೆಗಸ್ ಪ್ಲೇಗನ್ನು ಗುರುತಿಸಿದರು. 1891ರ ಜನಗಣತಿಯಲ್ಲಿ 8,21,764 ಇದ್ದ ಊರಿನ ಜನಸಂಖ್ಯೆ 1901ಕ್ಕೆ 7,76,006ಕ್ಕೆ ಇಳಿಯಿತು. ಶಿಲುಬೆ ನಿಲ್ಲಿಸಿದವರ ಭಕ್ತಿ ನಿಜ, ಪ್ಲೇಗೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಅಳಿಸಬೇಕಾಗಿಲ್ಲ. ನಿಮ್ಮ ಚಾಳಿನಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಲಾಲ್‌ಬಾಗ್‌ನ ಗಣಪತಿಯ ಕಥೆಯೂ ಹೀಗೇ. 1932ರಲ್ಲಿ ಪೇರು ಚಾಳಿನ ಬಳಿಯ ಮಾರುಕಟ್ಟೆ ಮುಚ್ಚಿತು. ಮೀನುಗಾರರು, ಸಣ್ಣ ವ್ಯಾಪಾರಿಗಳು ಹೊಸ ಜಾಗ ಸಿಗಲೆಂದು ಹರಕೆ ಹೊತ್ತರು, ಜಾಗ ಸಿಕ್ಕಿತು, 1934ರಲ್ಲಿ ಗಣಪತಿ ಕೂತಿತು. ಅಲ್ಲಿ ಹರಕೆಗೂ ನೆಲಕ್ಕೂ ನಂಟು ಇದೆ ಎಂದು ಸಂಶೋಧಕರು ಬಂದು ಹೇಳಬೇಕಾಗಿಲ್ಲ, ಹರಕೆ ಹೊತ್ತವರೇ ಹೇಳಿದ್ದಾರೆ.

ಈಗ ನಿಮ್ಮ ಖೋಲಿಗೆ ಬರೋಣ. ಚರಿತ್ರೆಯ ಅರ್ಧ ಭಾಗ ಅಲ್ಲೇ ಇದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 1920ರಲ್ಲಿ ಬಂದ ಬಿಡಿಡಿ, ಅಂದರೆ ಸರ್ಕಾರದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರ್ಲಿ, ನಾಯ್‌ಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ ಕಟ್ಟಿಸಿದ ಚಾಳುಗಳಲ್ಲಿ ಒಂದು ಖೋಲಿ ಎಂದರೆ 160 ಚದರಡಿ. ಖಾಸಗಿ ಮಾಲೀಕರ ಚಾಳುಗಳಲ್ಲಿ ಅಷ್ಟೂ ಇರದ ಕಡೆಗಳುಂಟು. ಅಂಥ ಖೋಲಿಯಲ್ಲಿ ಊರಿನ ಗಂಡಸರು ಹತ್ತು ಹದಿನೈದು ಜನ ಪಾಳಿಯ ಮೇಲೆ ಮಲಗುತ್ತಿದ್ದರು. ಗಿರಣಿಗಳ ಮೊದಲ ಪಾಳಿ ಬೆಳಿಗ್ಗೆ ಏಳಕ್ಕೆ, ಎರಡನೆಯದು ಮಧ್ಯಾಹ್ನ ಮೂರೂವರೆಗೆ, ಮೂರನೆಯದು ನಡುರಾತ್ರಿಗೆ. ಹೋಟೆಲಿನವರ ದಿನ ಬೆಳಗಿನ ಜಾವಕ್ಕೆ ಶುರುವಾಗಿ ನಡುರಾತ್ರಿಯ ಹತ್ತಿರ ಮುಗಿಯುತ್ತಿತ್ತು. 1948ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಿಂದ ಹೋಟೆಲ್ ಕೆಲಸದವರಿಗೆ ವಾರಕ್ಕೊಂದು ರಜೆ ಬಂತಾದರೂ ಎಲ್ಲರಿಗೂ ಒಂದೇ ದಿನ ಬರುತ್ತಿರಲಿಲ್ಲ. ಗಿರಣಿಯವರಿಗೆ ಭಾನುವಾರದ ರಜೆ 1890ರಷ್ಟು ಹಿಂದೆಯೇ ಸಿಕ್ಕಿತ್ತು. ಅದರ ಹಿಂದೆ ಫುಲೆ ಅವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ ಮತ್ತು ಅವರು 1884ರಲ್ಲಿ ಕಟ್ಟಿದ ಗಿರಣಿ ಕಾರ್ಮಿಕರ ಸಂಘಟನೆ ಇದ್ದವು. ನಿಮ್ಮ ಮಂಡಳಿಯ ವಾರದ ಭಜನೆ ಯಾವ ದಿನ, ಎಷ್ಟು ಗಂಟೆಗೆ ನಡೆಯುತ್ತಿತ್ತು ಎಂದು ವಿಚಾರಿಸಿ. ರಾತ್ರಿ ಹನ್ನೊಂದರ ಮೇಲೆ ಶುರುವಾಗುತ್ತಿತ್ತು ಎಂದಾದರೆ ಅದು ಹೋಟೆಲಿನವರ ಮಂಡಳಿ. ಭಾನುವಾರ ಸಂಜೆ ಎಂದಾದರೆ ಗಿರಣಿಯವರ, ಕಚೇರಿಯವರ ಕೈ ಮೇಲಾಗಿತ್ತು. ಹೊತ್ತು ಬದಲಾಗಿದ್ದರೆ ಯಾವ ವರ್ಷ ಎಂದು ಗುರುತು ಹಾಕಿಕೊಳ್ಳಿ. ಸದಸ್ಯರ ಉದ್ಯೋಗ ಬದಲಾದದ್ದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಭಜನೆಯೇ ಯಾಕೆ ಎಂಬುದಕ್ಕೂ ಖೋಲಿಯೇ ಉತ್ತರ ಕೊಡುತ್ತದೆ. ಪ್ರತಿಷ್ಠೆ ಮಾಡಿದ ಮೂರ್ತಿಗೆ ನಿತ್ಯಪೂಜೆ ಬೇಕು, ಮಡಿ ಬೇಕು, ಅರ್ಚಕರು ಬೇಕು. ಹದಿನೈದು ಜನ ಉಂಡು ಮಲಗುವ, ಒಬ್ಬ ಏಳುವಾಗ ಇನ್ನೊಬ್ಬ ಬಂದು ಬೀಳುವ ಜಾಗದಲ್ಲಿ ಅದು ಆಗದ ಮಾತು. ಭಜನೆಗೆ ಗೋಡೆಗೊಂದು ಪಟ, ಒಂದು ದೀಪ, ನಾಲ್ಕು ಜೋಡಿ ತಾಳ, ದುಡ್ಡು ಕೂಡಿದಾಗ ಒಂದು ಹಾರ್ಮೋನಿಯಂ ಇದ್ದರೆ ಆಯಿತು. ಹಾಡುವವನ ಕುಲ ಕೇಳುವ ಅಗತ್ಯವಿಲ್ಲ, ದಕ್ಷಿಣೆಯಿಲ್ಲ, ಓದು ಬಾರದವನೂ ಸೊಲ್ಲು ಹಿಡಿಯಬಹುದು. ಮುಂಬಯಿಯ ತುಳುವರ ನಡುವೆ ಶನಿಗ್ರಂಥ ಪಾರಾಯಣ ಅಷ್ಟು ಬೆಳೆದದ್ದರಲ್ಲೂ ಇದರ ಪಾಲಿದೆ. ಒಬ್ಬ ಓದಬೇಕು, ಒಬ್ಬ ಅರ್ಥ ಹೇಳಬೇಕು, ಉಳಿದವರು ಕೂತು ಕೇಳಿದರೆ ರಾತ್ರಿ ಕಳೆಯುತ್ತದೆ. ನಿಮ್ಮಲ್ಲಿ ಪಟ ಹೋಗಿ ಮೂರ್ತಿ ಬಂದದ್ದು ಯಾವಾಗ? ಡೊಂಬಿವಲಿಗೆ ಬಂದ ಮೇಲೆ ಇರಬೇಕು ಎಂಬುದು ನನ್ನ ಊಹೆ. ದಾಖಲೆ ನೋಡಿ ಖಾತ್ರಿ ಮಾಡಿಕೊಳ್ಳಿ.

ಖೋಲಿ ಯಾರ ಹೆಸರಿನಲ್ಲಿತ್ತು ಎಂಬುದನ್ನೂ ನೋಡಬೇಕು. 1947ರ ಬಾಂಬೆ ಬಾಡಿಗೆ ಕಾಯ್ದೆ ಹಳೆಯ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆ ಏರದ್ದರಿಂದ ಖೋಲಿ ಬಿಟ್ಟವರಿಲ್ಲ, ಹೊಸದಾಗಿ ಬೇಕಾದವರು ಪಗಡಿ ಎಂಬ ಇಡಿಗಂಟಿನ ಮೊತ್ತ ಕೊಡಬೇಕಾಯಿತು. ಮಾಲೀಕನ ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಡುವಂತಿರಲಿಲ್ಲ. ಹೀಗಾಗಿ ಇಂಥ ಮಂಡಳಿಗಳ ಖೋಲಿಯ ಭಾಡೆ ಪಾವತಿ, ಅಂದರೆ ಬಾಡಿಗೆ ರಸೀದಿ, ಸಾಮಾನ್ಯವಾಗಿ ಮಂಡಳಿಯ ಹೆಸರಿನಲ್ಲಿ ಇರುವುದಿಲ್ಲ, ಯಾರೋ ಒಬ್ಬ ಸದಸ್ಯರ ಹೆಸರಿನಲ್ಲಿರುತ್ತದೆ. 'ಮಂಡಳಿಯ ಕಾಗದ ಒಂದೂ ಇಲ್ಲ' ಎಂದು ಕೈಚೆಲ್ಲುವ ಮುಂಚೆ ಆ ಸದಸ್ಯರ ಮನೆಯವರ ಹತ್ತಿರ ಹಳೆಯ ಪಾವತಿ ಪುಸ್ತಕ ಇದೆಯೇ ಕೇಳಿ. ಮುಂದೆ ಮಂಡಳಿ ಒಡೆದದ್ದು, ಬೇರೆ ಜಾಗಕ್ಕೆ ಹೋದದ್ದು ಇತ್ಯಾದಿ ಜಗಳಗಳ ಬೇರು ಭಕ್ತಿಯಲ್ಲಿ ಇರುವುದಕ್ಕಿಂತ ಈ ಪಾವತಿಯ ಮೇಲಿನ ಹೆಸರಿನಲ್ಲಿ ಇರುವುದು ಹೆಚ್ಚು.

ಇನ್ನು ಆ ಹುಡುಗನ ವಾದ. ಅವನು ಕೇಳಿದ್ದು ಒಳ್ಳೆಯ ಪ್ರಶ್ನೆಯೇ, ಆದರೆ ಉತ್ತರವನ್ನು ಆತುರದಲ್ಲಿ ಮುಗಿಸಿದ್ದಾನೆ. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದಿನದು. ಕೆನರಾ ಸಾರಸ್ವತ ಅಸೋಸಿಯೇಶನ್ 1911ರದ್ದು, ಬಂಟರ ಸಂಘ 1927ರದ್ದು, ಬಿಲ್ಲವರ ಅಸೋಸಿಯೇಶನ್ 1932ರದ್ದು. ಜಾತಿಯ ಹೆಸರಿನಲ್ಲೇ ಸಂಘ ಕಟ್ಟಿ ರಾತ್ರಿ ಶಾಲೆ, ಹಾಸ್ಟೆಲ್, ಬ್ಯಾಂಕು ನಡೆಸುವುದು ಆಗಲೇ ರೂಢಿಯಲ್ಲಿತ್ತು, ಯಾರೂ ಅದನ್ನು ಮುಚ್ಚಿಡುತ್ತಿರಲಿಲ್ಲ. 1961ರಲ್ಲಿ ಜಾತಿ ಸಂಘ ಬೇಕಿದ್ದವರಿಗೆ ಭಜನೆಯ ಮರೆ ಬೇಕಿರಲಿಲ್ಲ. ಇಷ್ಟಿದ್ದೂ ಭಜನೆಯ ಹೆಸರಿನಲ್ಲೇ ಸೇರಿದರು ಎಂದರೆ ಎರಡು ಸಾಧ್ಯತೆ: ಹಲವು ಜಾತಿಯವರು ಕೂಡುವ ಜಾಗ ಬೇಕಿತ್ತು, ಅಥವಾ ಒಂದೇ ಜಾತಿಯವರಾದರೂ ದೊಡ್ಡ ಸಂಘದಲ್ಲಿ ತಮ್ಮಂಥ ಕೆಲಸಗಾರರಿಗೆ ಕುರ್ಚಿ ಸಿಗುತ್ತಿರಲಿಲ್ಲ. ಯಾವುದು ಎಂದು ಹೇಳುವುದು ನಿಮ್ಮ ವಂತಿಗೆ ಪಟ್ಟಿ. ಮೊದಲ ಐದು ವರ್ಷದ ಪಟ್ಟಿಯಲ್ಲಿರುವ ಹೆಸರುಗಳು, ಅವರ ಹಳ್ಳಿ, ಮುಂಬಯಿಯಲ್ಲಿ ಅವರಿದ್ದ ಹೋಟೆಲು ಅಥವಾ ಗಿರಣಿ, ಈ ಮೂರನ್ನು ಮೂರು ಕಾಲಮ್ಮಿನಲ್ಲಿ ಬರೆಯಿರಿ. ಹೆಚ್ಚಿನವರನ್ನು ಒಂದೇ ಕುಲ ಕೂಡಿಸುತ್ತದೋ, ಒಂದೇ ಗ್ರಾಮವೋ, ಒಬ್ಬನೇ ಧಣಿಯ ಹೋಟೆಲೋ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಉಪನಿಯಮದಲ್ಲಿ ಸದಸ್ಯತ್ವದ ಕಲಮು ಏನೆನ್ನುತ್ತದೆ ನೋಡಿ. ಜೊತೆಗೆ ಬರೆದಿಡದ ನಿಯಮವನ್ನೂ ವಿಚಾರಿಸಿ: ಪ್ರಸಾದ ಯಾರು ಮಾಡುತ್ತಿದ್ದರು, ಯಾರು ಬಡಿಸುತ್ತಿದ್ದರು, ಊಟಕ್ಕೆ ಯಾರು ಕೂರುತ್ತಿರಲಿಲ್ಲ. ಈ ಪ್ರಶ್ನೆಗೆ ಹಿರಿಯರು ಮೊದಲು ಸುಮ್ಮನಾಗುತ್ತಾರೆ. ಒತ್ತಾಯ ಮಾಡಬೇಡಿ, ಎರಡನೇ ಭೇಟಿಗೆ ಬಿಡಿ.

ಇದಕ್ಕೆ ಊರಿನ ಹಿನ್ನೆಲೆ ಬೇಕು. ಸ್ಮರಣ ಸಂಚಿಕೆಗಳಲ್ಲಿ ಬಹಳ ತಪ್ಪು ಬೀಳುವುದು ಇಲ್ಲೇ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರೆಸಿಡೆನ್ಸಿಗೆ ಬಂತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಧಾರವಾಡ, ಬೆಳಗಾವಿ, ಬಿಜಾಪುರದವರು ಮುಂಬಯಿಗೆ ಬಂದಾಗ ತಮ್ಮದೇ ಪ್ರಾಂತದ ರಾಜಧಾನಿಗೆ ಬಂದಂತೆ. ಮಂಗಳೂರು, ಉಡುಪಿಯವರು ಹಡಗು ಹತ್ತಿ ಬೇರೆ ಪ್ರಾಂತಕ್ಕೆ ಬಂದವರು. ಆದ್ದರಿಂದ ಹಳೆಯ ಮುಂಬಯಿ ಜನಗಣತಿಯ ಹುಟ್ಟೂರಿನ ಕೋಷ್ಟಕದಲ್ಲಿ 'ಕೆನರಾ' ಎಂದು ಕಂಡರೆ ಅದನ್ನು ನಿಮ್ಮವರ ಲೆಕ್ಕ ಎಂದು ಹಿಡಿಯಬೇಡಿ, ಅದು ಬಹುಮಟ್ಟಿಗೆ ಕಾರವಾರದ ಕಡೆಯದು. ಮಾತೃಭಾಷೆಯ ಕೋಷ್ಟಕದಲ್ಲಿ ತುಳು, ಕನ್ನಡ, ಕೊಂಕಣಿ ಬೇರೆ ಬೇರೆ, ಒಂದನ್ನೇ ನೋಡಿ ಮುಂಬಯಿಯಲ್ಲಿ ನಮ್ಮವರು ಇಷ್ಟೇ ಎಂದು ಬರೆಯಬೇಡಿ. 1883ರ ಬಾಂಬೆ ಗೆಜೆಟಿಯರಿನ ಕೆನರಾ ಸಂಪುಟವೂ ಉತ್ತರ ಕನ್ನಡದ್ದು. ನಿಮಗೆ ಬೇಕಾದದ್ದು ಮದ್ರಾಸ್ ಸರ್ಕಾರ 1894–95ರಲ್ಲಿ ಎರಡು ಭಾಗವಾಗಿ ತಂದ ಸೌತ್ ಕೆನರಾ ಕೈಪಿಡಿ. ಎರಡೂ ಇಂಟರ್‌ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತವೆ.

ದೇವಸ್ಥಾನ ಪ್ರವೇಶದ ಕಾನೂನಿಗೂ ಇದೇ ಗಡಿ. ದಕ್ಷಿಣ ಕನ್ನಡಕ್ಕೆ ಅನ್ವಯಿಸಿದ್ದು ಮದ್ರಾಸಿನ 1947ರ ದೇವಾಲಯ ಪ್ರವೇಶ ಕಾಯ್ದೆ. ಮುಂಬಯಿಯಲ್ಲಿ 1947ರ ಹರಿಜನ ದೇವಾಲಯ ಪ್ರವೇಶ ಕಾಯ್ದೆ, ಆಮೇಲೆ 1956ರ ವಿಸ್ತಾರವಾದ ಕಾಯ್ದೆ. ನಿಮ್ಮ ಸ್ಥಾಪಕರು 1930ರ ಆಸುಪಾಸಿನಲ್ಲಿ ಹುಟ್ಟಿದವರಾದರೆ ಅವರಲ್ಲಿ ಕೆಲವರು ಊರಿನ ದೇವಸ್ಥಾನದ ಹೊರಗೆ ನಿಂತು ಕೈಮುಗಿದ ಹುಡುಗರಾಗಿರಬಹುದು. ಕರಾವಳಿಯ ಭಜನಾ ಮಂದಿರಗಳು ಬೆಳೆದದ್ದು ಆ ಹಿನ್ನೆಲೆಯಲ್ಲಿ. ನಾರಾಯಣ ಗುರುಗಳು 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ್ದೂ ಅದೇ ನೋವಿಗೆ ಉತ್ತರವಾಗಿ. ಕುದ್ಮುಲ್ ರಂಗರಾಯರು ಅದಕ್ಕೂ ಮುಂಚೆಯೇ ಮಂಗಳೂರಿನಲ್ಲಿ ದಲಿತರ ಶಿಕ್ಷಣದ ಕೆಲಸ ಶುರು ಮಾಡಿದ್ದರು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆ ಪ್ರಾರ್ಥನಾ ಸಮಾಜದ ಪ್ರಚಾರಕರಾಗಿದ್ದು 1906ರಲ್ಲಿ ಮುಂಬಯಿಯಲ್ಲಿ ಅಸ್ಪೃಶ್ಯರಿಗಾಗಿ ಮಿಷನ್ ಕಟ್ಟಿದರು. ಇವನ್ನೆಲ್ಲ ನಿಮ್ಮ ಮಂಡಳಿಯ ಪೂರ್ವಜರ ಪಟ್ಟಿಗೆ ಸೇರಿಸಿ ಎನ್ನುತ್ತಿಲ್ಲ. ಸಾಕ್ಷಿಯಿಲ್ಲದೆ ಹಾಗೆ ಸೇರಿಸಿದರೆ ತಪ್ಪೇ. ಆದರೆ ಸ್ಥಾಪಕರಲ್ಲಿ ಯಾರು ಊರಿನ ಗುಡಿಯ ಒಳಗೆ ಹೋಗಬಲ್ಲವರಾಗಿದ್ದರು, ಯಾರು ಆಗಿರಲಿಲ್ಲ ಎಂದು ತಿಳಿದ ಮೇಲೆ ಪಟ ಮತ್ತು ತಾಳದ ಮಂಡಳಿಯ ತೂಕ ನಿಮಗೇ ಬೇರೆಯಾಗಿ ಕಾಣುತ್ತದೆ.

ಚಾಳಿನ ಹೊರಗೂ ನೋಡಿ. ಪರೇಲಿನ ಬಿಐಟಿ (ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್) ಚಾಳಿನಲ್ಲಿ ಅಂಬೇಡ್ಕರ್ ವರ್ಷಗಟ್ಟಲೆ ಇದ್ದರು. 1924ರಲ್ಲಿ ಅವರ ಬಹಿಷ್ಕೃತ ಹಿತಕಾರಿಣಿ ಸಭಾ ಹುಟ್ಟಿದ್ದು ಪರೇಲಿನ ದಾಮೋದರ ಹಾಲಿನಲ್ಲಿ. 1956ರ ನಾಗಪುರದ ಬೌದ್ಧ ದೀಕ್ಷೆಯ ನಂತರ ಸುತ್ತಲಿನ ಚಾಳುಗಳಲ್ಲಿ ಬುದ್ಧನ ಪಟ ಏರಿತು. 1972ರಲ್ಲಿ ದಲಿತ ಪ್ಯಾಂಥರ್ಸ್ ಎಂಬ ಯುವಕರ ಹೋರಾಟದ ಸಂಘಟನೆ ಬಂತು, 1974ರ ಜನವರಿಯಲ್ಲಿ ವರ್ಲಿಯ ಬಿಡಿಡಿ ಚಾಳುಗಳಲ್ಲಿ ಗಲಭೆ ಆಯಿತು. 1970ರ ಜೂನ್‌ನಲ್ಲಿ ಪರೇಲಿನ ಕಮ್ಯುನಿಸ್ಟ್ ಶಾಸಕ ಕೃಷ್ಣ ದೇಸಾಯಿ ಅವರ ಕೊಲೆಯಾಗಿತ್ತು. ನಿಮ್ಮ ಮಂಡಳಿಯ ತಾಳದ ಸದ್ದು ಇದೇ ಓಣಿಗಳಲ್ಲಿ ಕೇಳುತ್ತಿತ್ತು. ಆ ವರ್ಷಗಳಲ್ಲಿ ನವರಾತ್ರಿ ಎಲ್ಲಿ ನಡೆಯಿತು, ಚಾಳಿನ ಅಂಗಳದಲ್ಲೋ ಬಾಗಿಲು ಹಾಕಿದ ಖೋಲಿಯಲ್ಲೋ?

ಕಾರ್ಮಿಕ ಸಂಘಟನೆಯ ಎಳೆಯನ್ನು ನಿಮ್ಮ ಪ್ರಶ್ನೆಯಲ್ಲಿ ಯಾರೂ ಎತ್ತಿಲ್ಲ, ಅದು ನನಗೆ ಸೋಜಿಗ. ಡಾಕ್ ಕಾರ್ಮಿಕರ ನಾಯಕ ಪಿ. ಡಿಮೆಲ್ಲೊ ದಕ್ಷಿಣ ಕನ್ನಡದವರು. ಅವರ ಜೊತೆ ಕೆಲಸ ಕಲಿತ ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್ ಮುಂಬಯಿಯ ಟ್ಯಾಕ್ಸಿ, ಹೋಟೆಲ್, ಮುನಿಸಿಪಾಲಿಟಿ ನೌಕರರನ್ನು ಸಂಘಟಿಸಿದರು, 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಎಸ್. ಕೆ. ಪಾಟೀಲರನ್ನು ಸೋಲಿಸಿದರು, 1974ರ ಮೇ 8ರಂದು ಶುರುವಾದ ರೈಲ್ವೆ ಮುಷ್ಕರವನ್ನು ಮುನ್ನಡೆಸಿದರು. ಡಾಕಿನಲ್ಲಿದ್ದ, ಹೋಟೆಲಿನಲ್ಲಿದ್ದ ಸದಸ್ಯರು ಯೂನಿಯನ್ನಿಗೆ ಚಂದಾ ಕೊಟ್ಟು, ಅದೇ ವಾರ ಭಜನೆಗೆ ವಂತಿಗೆಯನ್ನೂ ಕೊಟ್ಟಿರುವುದು ಸಹಜ. ಒಬ್ಬನೇ ಮನುಷ್ಯನ ಜೇಬಿನಲ್ಲಿ ಎರಡೂ ರಸೀದಿ ಇರುತ್ತಿದ್ದವು. ಮುಂದೆ ಬರೆಯುವವರು ಒಂದನ್ನು 'ಧರ್ಮ' ಎಂಬ ಅಧ್ಯಾಯಕ್ಕೂ ಇನ್ನೊಂದನ್ನು 'ಚಳವಳಿ' ಎಂಬ ಅಧ್ಯಾಯಕ್ಕೂ ಹಾಕಿ ಬೇರೆ ಮಾಡಿದರು. ಹಿರಿಯರನ್ನು ಯೂನಿಯನ್ ಬಗ್ಗೆಯೂ, ರಾತ್ರಿ ಶಾಲೆಯ ಬಗ್ಗೆಯೂ ಕೇಳಿ. ಹೋಟೆಲಿನ ಹುಡುಗರಲ್ಲಿ ಓದಿ ಬ್ಯಾಂಕು, ಕಚೇರಿ ಸೇರಿದವರು ಮಂಡಳಿಯ ಕಾರ್ಯದರ್ಶಿಗಳಾಗಿ ನಡಾವಳಿ ಬರೆದವರು.

1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ಹೊರಗೆ ಬಂದರು. ಅದು ಮುಗಿಯಿತೆಂದು ಯಾರೂ ಅಧಿಕೃತವಾಗಿ ಸಾರಲಿಲ್ಲ, ಬಹಳಷ್ಟು ಜನಕ್ಕೆ ಕೆಲಸ ಮರಳಿ ಸಿಗಲಿಲ್ಲ. ಗಿರಣಿಗಳ ಪ್ರದೇಶವಾದ ಗಿರಣಗಾಂವ್‌ನ ಹೋಟೆಲು, ಅಂಗಡಿಗಳ ಉದ್ರಿ ಪುಸ್ತಕಗಳು ತುಂಬಿ ಹೋದವು. ನೀವು 1985ರಲ್ಲಿ ಡೊಂಬಿವಲಿಗೆ ಬಂದದ್ದನ್ನು 'ಸ್ಥಳಾವಕಾಶದ ಕೊರತೆಯಿಂದ' ಎಂದು ಒಂದು ವಾಕ್ಯದಲ್ಲಿ ಮುಗಿಸುವ ಮುನ್ನ 1980ರಿಂದ 1986ರವರೆಗಿನ ಜಮಾ–ಖರ್ಚು ತೆಗೆದು ನೋಡಿ. ವಂತಿಗೆ ಕೊಟ್ಟವರ ಸಂಖ್ಯೆ ಎಷ್ಟಿತ್ತು, ತಲಾ ಎಷ್ಟು, ನವರಾತ್ರಿಯ ಅನ್ನದಾನದ ಖರ್ಚು ಏರಿತೋ ಇಳಿಯಿತೋ. ಸಂಖ್ಯೆ ಇಳಿದು ತಲಾ ಮೊತ್ತ ಏರಿದ್ದರೆ ಕೆಲಸಗಾರರು ಹೋಗಿ ಹೋಟೆಲ್ ಮಾಲೀಕರು ಬಂದರೆಂದು ಅರ್ಥ. ಅಧ್ಯಕ್ಷರ ಹೆಸರೂ ಆಗಲೇ ಬದಲಾಗಿರುತ್ತದೆ. ಇನ್ನೊಂದು ಗುರುತು 'ಮಹಿಳಾ ವಿಭಾಗ' ಶುರುವಾದ ವರ್ಷ. ಖೋಲಿಯ ಕಾಲದಲ್ಲಿ ಹೆಂಡತಿ ಮಕ್ಕಳು ಊರಿನಲ್ಲಿ, ಗಂಡಸರು ಇಲ್ಲಿ. ಸಂಸಾರಗಳು ಡೊಂಬಿವಲಿ, ಕಲ್ಯಾಣ, ಮೀರಾ ರೋಡಿನ ಫ್ಲ್ಯಾಟುಗಳಿಗೆ ಬಂದ ಮೇಲೆ ಹೆಂಗಸರ ಭಜನೆ, ಕುಂಕುಮಾರ್ಚನೆ ಬಂದವು. ಖೋಲಿಯ ಕಾಲಕ್ಕೆ ಹೆಂಗಸರ ಹೆಸರೇ ಕಾಣಿಸದಿದ್ದರೆ ಖಾನಾವಳಿ ನಡೆಸುತ್ತಿದ್ದವರನ್ನು ಹುಡುಕಿ. ಗಿರಣಿ ಪ್ರದೇಶದ ಗಂಡಸರಿಗೆ ಊಟ ಹಾಕಿದವರು ಅವರೇ, ಮುಂಬಯಿಯಲ್ಲಿ ಅಂಥವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಎಂದು ಸಂಘಟಿತರೂ ಆದರು.

ಊರಿನ ಗುಡಿಗಳ ಜೀರ್ಣೋದ್ಧಾರಕ್ಕೆ 'ಮುಂಬಯಿ ಸಮಿತಿ' ಎಂಬ ಹೆಸರು ನಿಮ್ಮ ಕಾಗದಗಳಲ್ಲಿ ಯಾವಾಗ ಮೊದಲು ಕಾಣುತ್ತದೆ ಎಂದೂ ನೋಡಿ. 1974ರ ಭೂಸುಧಾರಣೆಯಲ್ಲಿ ದೇವಸ್ಥಾನಗಳ ಗೇಣಿ ಭೂಮಿ ಒಕ್ಕಲುಗಳಿಗೆ ಹೋಯಿತು, ಗೇಣಿ ಅಕ್ಕಿ ನಿಂತಿತು. ಆಮೇಲೆ ಬ್ರಹ್ಮಕಲಶದ ಖರ್ಚಿಗೆ ಮುಂಬಯಿ ಕಡೆ ಕೈಚಾಚಬೇಕಾಯಿತು. ಭೂಮಿ ಪಡೆದ ಒಕ್ಕಲಿನ ಮಗನೇ ಮುಂಬಯಿಯಲ್ಲಿ ದುಡಿದು ಅದೇ ಗುಡಿಯ ಜೀರ್ಣೋದ್ಧಾರ ಸಮಿತಿಗೆ ಅಧ್ಯಕ್ಷನಾದ ಉದಾಹರಣೆ ನಿಮ್ಮಲ್ಲೂ ಸಿಕ್ಕರೆ ಅದಕ್ಕೆ ಎರಡು ಪುಟ ಕೊಡಿ. ಬಾಲ್ಯದಲ್ಲಿ ಅವನು ಎಲ್ಲಿ ನಿಲ್ಲುತ್ತಿದ್ದ, ಈಗ ಎಲ್ಲಿ ಕೂರುತ್ತಾನೆ ಎಂದು ಬರೆದರೆ ಸಾಕು, ವ್ಯಾಖ್ಯಾನ ಬೇಡ.

ಈಗ ಹುಡುಕುವ ಕೆಲಸ. 1950ರ ಬಾಂಬೆ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆಯ (ಈಗ ಅದರ ಹೆಸರು ಮಹಾರಾಷ್ಟ್ರ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆ) ಕೆಳಗೆ ನೋಂದಣಿಯಾಗಿದ್ದರೆ ಮಂಡಳಿಗೆ ಒಂದು ಸಂಖ್ಯೆ ಇರುತ್ತದೆ. ಅದರ ಮೊದಲ ಅಕ್ಷರ ನೋಡಿ: 'ಎ' ಎಂದರೆ ಹಿಂದೂ ಧಾರ್ಮಿಕ ಟ್ರಸ್ಟ್, 'ಎಫ್' ಎಂದರೆ 1860ರ ಸೊಸೈಟಿ ಕಾಯ್ದೆಯಲ್ಲೂ ನೋಂದಾಯಿಸಿದ ಸಂಸ್ಥೆ. ಕೊನೆಗೆ ಮುಂಬಯಿ ಅಥವಾ ಠಾಣೆ ಎಂದಿರುತ್ತದೆ. ಅದರ ಪ್ರಕಾರ ವರ್ಲಿಯ ಧರ್ಮಾದಾಯ ಆಯುಕ್ತರ ಕಚೇರಿಗೋ ಠಾಣೆಯ ಕಚೇರಿಗೋ ಹೋಗಬೇಕು. ಕೇಳಬೇಕಾದದ್ದು ಎರಡು. ಮೊದಲನೆಯದು 'ಪರಿಶಿಷ್ಟ 1'ರ ದೃಢೀಕೃತ ನಕಲು. ಅದರಲ್ಲಿ ಉದ್ದೇಶ, ಟ್ರಸ್ಟಿಗಳ ಹೆಸರು, ಉತ್ತರಾಧಿಕಾರದ ಕ್ರಮ, ಚರ–ಸ್ಥಿರ ಆಸ್ತಿ, ಆದಾಯದ ಮೂಲ ಎಲ್ಲ ಇರುತ್ತವೆ. ಎರಡನೆಯದು ಕಲಂ 22ರ ಬದಲಾವಣೆ ವರದಿಗಳು. ಟ್ರಸ್ಟಿ ಬದಲಾದಾಗ, ಜಾಗ ಬದಲಾದಾಗ ಇವನ್ನು ಕೊಡಲೇಬೇಕು, ಯಾರಾದರೂ ಆಕ್ಷೇಪಿಸಿದ್ದರೆ ಅದೂ ಕಡತದಲ್ಲಿ ಕೂತಿರುತ್ತದೆ. ಮಂಡಳಿಯ ಜಗಳಗಳ ಪ್ರಾಮಾಣಿಕ ದಾಖಲೆ ನಿಮ್ಮ ನಡಾವಳಿ ಪುಸ್ತಕದಲ್ಲಿ ಸಿಗದು, ಇಲ್ಲಿ ಸಿಗುತ್ತದೆ. ಅರ್ಜಿ ಮರಾಠಿಯಲ್ಲಿ ಬರೆಯಿರಿ, ಈಗಿನ ಟ್ರಸ್ಟಿಯೊಬ್ಬರ ಸಹಿ ಇರಲಿ.

ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಮೊದಲೇ ಓಡಬೇಡಿ. 1961ರ ಸಣ್ಣ ಮಂಡಳಿಯ ಬಗ್ಗೆ ಅಲ್ಲಿ ಸಿಗುವುದು ಕಡಿಮೆ, ದಿನ ಹೋಗುತ್ತದೆ. ಅದಕ್ಕಿಂತ ಕಲೀನಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಮುಂಬಯಿ ಕನ್ನಡಿಗರ ಬಗ್ಗೆ ಆಗಿರುವ ಸಂಶೋಧನೆಗಳನ್ನು ವಿಚಾರಿಸಿ. ಹಳೆಯ ಮರಾಠಿ ಪತ್ರಿಕೆಗಳಿಗೆ ದಾದರಿನ ಮುಂಬಯಿ ಮರಾಠಿ ಗ್ರಂಥ ಸಂಗ್ರಹಾಲಯ ಇದೆ.

ಇಸವಿಯಿಲ್ಲದ ಕಾಗದಕ್ಕೆ ವಯಸ್ಸು ಕಟ್ಟುವುದು ಕಷ್ಟವಲ್ಲ. ವಿಳಾಸದಲ್ಲಿ 'ಬೊಂಬಾಯಿ–13' ಎಂದಿದ್ದರೆ 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬರುವ ಮುಂಚಿನದು, ಅಥವಾ ಹಳೆಯ ಲೆಟರ್‌ಹೆಡ್ ಮುಗಿಯಲೆಂದು ಆಮೇಲೂ ಒಂದೆರಡು ವರ್ಷ ಬಳಸಿದ್ದು. 400013 ಎಂದಿದ್ದರೆ ನಂತರದ್ದು. ಇಂಗ್ಲಿಷಿನಲ್ಲಿ 'ಬಾಂಬೆ' ಹೋಗಿ 'ಮುಂಬೈ' ಬಂದದ್ದು 1995ರ ಮೇಲೆ. ರಸೀದಿಯಲ್ಲಿ ಆಣೆಯ ಲೆಕ್ಕ ಕಂಡರೆ 1957ರ ಏಪ್ರಿಲ್‌ಗಿಂತ ಹಿಂದಿನದಿರಬಹುದು. ಹಾಗೆ ಸಿಕ್ಕರೆ ನಿಮ್ಮ 1961ನ್ನೇ ಮತ್ತೆ ಪರಿಶೀಲಿಸಬೇಕು.

ಹಿರಿಯರ ಹತ್ತಿರ ಇಸವಿ ಕೇಳಬೇಡಿ, ಘಟನೆಗೆ ಕಟ್ಟಿ ಕೇಳಿ. ಟ್ರಾಮ್ ನಿಂತದ್ದು 1964ರ ಮಾರ್ಚ್ 31ಕ್ಕೆ, ಕೊಯ್ನಾ ಭೂಕಂಪ 1967ರ ಡಿಸೆಂಬರ್ 11ರ ನಸುಕಿಗೆ, ಯುದ್ಧದ ಬ್ಲ್ಯಾಕ್‌ಔಟ್ 1971ರ ಡಿಸೆಂಬರಿಗೆ, ಎಮರ್ಜೆನ್ಸಿ 1975ರ ಜೂನಿಗೆ. "ಹಾರ್ಮೋನಿಯಂ ತಂದಾಗ ಟ್ರಾಮ್ ಇತ್ತಾ?" ಎಂದರೆ ಉತ್ತರ ಥಟ್ಟನೆ ಬರುತ್ತದೆ. ಒಂದು ಸಲಕ್ಕೆ ಒಂದೂವರೆ ಗಂಟೆ ಸಾಕು. ರೆಕಾರ್ಡ್ ಮಾಡುವ ಮುನ್ನ ಒಪ್ಪಿಗೆ ಕೇಳಿ, ಬೇಡವೆಂದ ಭಾಗ ಅಚ್ಚಿಗೆ ಹೋಗದು ಎಂದು ಮಾತು ಕೊಟ್ಟು ಅದನ್ನು ಉಳಿಸಿ. ಮಗನನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡರೆ ಹಿರಿಯರು ಭಾಷಣಕ್ಕೆ ಇಳಿಯುತ್ತಾರೆ, ಅದೇ ಹಳೆಯ ಗೆಳೆಯನೊಬ್ಬ ಜೊತೆಗಿದ್ದರೆ ಜಗಳವಾಡುತ್ತಲೇ ಸರಿಯಾದ ಹೆಸರು, ಹೊತ್ತು ಎರಡನ್ನೂ ಹೊರಗೆ ಹಾಕುತ್ತಾರೆ. ಹಳೆಯ ಫೋಟೋಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಹಿಂದುಗಡೆ ಮೆತ್ತನೆಯ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ. 2005ರ ಜುಲೈ 26ರ ನೆರೆಯಲ್ಲಿ ಕಾಗದ ಹೋಯಿತು ಎನ್ನುವ ಮನೆಗಳಲ್ಲೂ ಊರಿಗೆ ಕಳಿಸಿದ ಆಮಂತ್ರಣ ಪತ್ರಿಕೆಯ ಪ್ರತಿ ಊರಿನ ಮನೆಯಲ್ಲಿ ಉಳಿದಿರುವುದುಂಟು.

ಬರೆಯಲು ಕೂತಾಗ ಮೂರು ತಾರೀಖುಗಳನ್ನು ಬೇರೆ ಬೇರೆ ಇಡಿ: ಮೊದಲ ಭಜನೆ, ಮೊದಲ ರಸೀದಿ, ನೋಂದಣಿ. ಇವು ಒಂದೇ ವರ್ಷದವಾಗಿರುವುದು ಅಪರೂಪ. ತಿಲಕರು 1893ರಲ್ಲಿ ಗಣೇಶೋತ್ಸವ ಶುರು ಮಾಡಿದರು ಎಂಬ ಪ್ಯಾರಾ ಎಲ್ಲ ಸ್ಮರಣ ಸಂಚಿಕೆಗಳಲ್ಲೂ ಇರುತ್ತದೆ. ನಿಮ್ಮಲ್ಲಿ ಬೇಡ. ಆ ವರ್ಷದ ಆಗಸ್ಟಿನ ಮುಂಬಯಿಯ ಹಿಂದೂ–ಮುಸ್ಲಿಂ ಗಲಭೆ, ಗಿರ್‌ಗಾಂವ್‌ನ ಕೇಶವಜಿ ನಾಯಕ್ ಚಾಳಿನಲ್ಲಿ ಅದೇ ವರ್ಷ ಕೂತ ಸಾರ್ವಜನಿಕ ಗಣಪತಿ ಇವನ್ನು ಬಿಟ್ಟು ಬರೆದರೆ ಅದು ಅರ್ಧ ಚರಿತ್ರೆ, ಎಲ್ಲವನ್ನೂ ಬರೆದರೂ ನಿಮ್ಮ ಭಜನೆಗೆ ಅದರ ನೇರ ಸಂಬಂಧವಿಲ್ಲ. 1961ರ ಘಟನೆಗೆ 'ಉಡುಪಿ ಜಿಲ್ಲೆ' ಎಂದು ಬರೆಯಬೇಡಿ, ಆ ಜಿಲ್ಲೆ ಆದದ್ದು 1997ರಲ್ಲಿ. ಆಗಿನ್ನೂ ರಾಜ್ಯದ ಹೆಸರು ಮೈಸೂರು, ಮಹಾರಾಷ್ಟ್ರಕ್ಕೆ ಒಂದು ವರ್ಷ ತುಂಬಿತ್ತಷ್ಟೆ. ಹಿರಿಯರು ದೇವರ ಪ್ರೇರಣೆ ಎಂದದ್ದನ್ನು ಅವರ ಮಾತಿನಲ್ಲೇ, ಉದ್ಧರಣ ಚಿಹ್ನೆಯೊಳಗೆ ಪೂರ್ತಿ ಹಾಕಿ, ತಿದ್ದಬೇಡಿ. ಅದರ ಕೆಳಗಿನ ಪ್ಯಾರಾದಲ್ಲಿ ಖೋಲಿಯ ಅಳತೆ, ಭಾಡೆ, ಪಾಳಿಯ ಹೊತ್ತು, ಮೊದಲ ವಂತಿಗೆದಾರರ ಕೋಷ್ಟಕ ಬರಲಿ. ಹುಡುಗನಿಗೆ ಆ ಕೋಷ್ಟಕ ಮಾಡುವ ಕೆಲಸವನ್ನೇ ಕೊಡಿ.

ಕಚೇರಿಯ ದೃಢೀಕೃತ ನಕಲು ಬರುವುದಕ್ಕೆ ವಾರಗಟ್ಟಲೆ ಹಿಡಿಯಬಹುದು, ಹಳೆಯ ಕಡತವಾದರೆ ಇನ್ನೂ ತಡ. ಆದ್ದರಿಂದ ಸಂದರ್ಶನ, ಫೋಟೋ ಎಲ್ಲಕ್ಕೂ ಮುಂಚೆ ಆ ಅರ್ಜಿ ಹಾಕಿ, ಒಳಬಂದ ಸಂಖ್ಯೆಯ ಮೊಹರು ಬಿದ್ದ ಪ್ರತಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ.